ನೇರಳೆ ಹಣ್ಣಿನ ರಸದಿಂದ ಸೌರ ವಿದ್ಯುತ್ ಸಿಗುತ್ತದೆಯೇ?

ನೇರಳೆ ಹಣ್ಣು ತಿಂದರೆ ನಾಲಿಗೆಗೆ ಬಣ್ಣ ಹತ್ತುತ್ತದೆ. ಅದೇ ಬಣ್ಣದಿಂದ ಸೌರಕೋಶ ತಯಾರಿಸಬಹುದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಮಾತು ನಿಜ. ಆದರೆ ಅದರಿಂದ ಮನೆಯ ಫ್ಯಾನು ತಿರುಗುತ್ತದೆಯೇ?

ಬಿಳಿ ಪುಡಿಯ ಮಿತಿ

ಇಲ್ಲಿ ಬಳಸುವ ಅರೆವಾಹಕ ಟೈಟಾನಿಯಂ ಡೈಆಕ್ಸೈಡ್. ಗೋಡೆಗೆ ಬಳಿಯುವ ಬಿಳಿ ಪೇಂಟ್‌ನಲ್ಲಿ, ಸನ್‌ಸ್ಕ್ರೀನ್‌ನಲ್ಲಿ ಇರುವ ಪುಡಿ ಇದೇ. ಇದರೊಳಗಿನ ಎಲೆಕ್ಟ್ರಾನು ಬಿಡುಗಡೆಯಾಗಿ ಹರಿಯಲು ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಷ್ಟು ಶಕ್ತಿಯಿರುವುದು ನೇರಳಾತೀತ ಕಿರಣಗಳಿಗೆ. ನೆಲ ಮುಟ್ಟುವ ಬಿಸಿಲಿನಲ್ಲಿ ಅವುಗಳ ಪಾಲು ಶೇ. 5ರಷ್ಟು. ಕಣ್ಣಿಗೆ ಕಾಣುವ ಬೆಳಕನ್ನು ಈ ಪುಡಿ ಹೀರದೆ ಚದುರಿಸುತ್ತದೆ. ಬಿಳಿಯಾಗಿ ಕಾಣುವುದು ಅದಕ್ಕೇ.

ಬಣ್ಣದ ಕೆಲಸವೇನು?

ನೇರಳೆ ಹಣ್ಣು, ಕೆಂಪು ದಾಸವಾಳ, ದಾಳಿಂಬೆ ಕಾಳುಗಳ ಬಣ್ಣಕ್ಕೆ ಕಾರಣ ಆಂಥೋಸಯನಿನ್. ಇದು ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪುಡಿಯ ಲೇಪವನ್ನು ರಸದಲ್ಲಿ ಅದ್ದಿಟ್ಟರೆ ಬಣ್ಣದ ಅಣುಗಳು ಕಣಗಳಿಗೆ ಅಂಟಿಕೊಳ್ಳುತ್ತವೆ. ಬೆಳಕು ಬಿದ್ದಾಗ ಅಣುವಿನ ಎಲೆಕ್ಟ್ರಾನು ಕಣದೊಳಕ್ಕೆ ಜಿಗಿಯುತ್ತದೆ. ಕಳೆದುಕೊಂಡ ಎಲೆಕ್ಟ್ರಾನನ್ನು ಅಣುವಿಗೆ ಮರಳಿಸುವುದು ಕೋಶದಲ್ಲಿ ತುಂಬಿದ ಅಯೋಡೈಡ್ ದ್ರಾವಣ. ಅಂದರೆ ಬೆಳಕು ಹಿಡಿಯುವುದು ಬಣ್ಣ, ಎಲೆಕ್ಟ್ರಾನು ಸಾಗಿಸುವುದು ಪುಡಿ. ಪುಡಿಯ ಒಳಗುಣವೇನೂ ಬದಲಾಗಿರುವುದಿಲ್ಲ.

ನ್ಯಾನೊ ಕಣಗಳೇ ಏಕೆ?

ನಯವಾದ ಮೇಲ್ಮೈಯ ಮೇಲೆ ಒಂದೇ ಪದರ ಬಣ್ಣ ಕೂತರೆ ಅದು ಹೀರುವ ಬೆಳಕು ತೀರಾ ಕಡಿಮೆ. ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳನ್ನು ಸ್ಪಂಜಿನಂತೆ ಜೋಡಿಸಿದರೆ ಬಣ್ಣ ಹಿಡಿಯುವ ಜಾಗ ನೂರಾರು ಪಟ್ಟು ಹೆಚ್ಚುತ್ತದೆ. ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿ ಬ್ರಯಾನ್ ಓರೇಗನ್ ಮತ್ತು ಮೈಕೆಲ್ ಗ್ರೆಟ್ಜೆಲ್ 1991ರಲ್ಲಿ ಈ ಉಪಾಯದಿಂದಲೇ ಶೇ. 7ಕ್ಕೂ ಹೆಚ್ಚು ದಕ್ಷತೆ ಪಡೆದರು. ಆದರೆ ಅವರು ಬಳಸಿದ್ದು ರುಥೇನಿಯಂ ಎಂಬ ದುಬಾರಿ ಲೋಹದ ವರ್ಣಕ. ಅದಕ್ಕೆ ಅಗ್ಗದ ಬದಲಿಯಾಗಿಯೇ ಗಿಡಗಳ ಬಣ್ಣಗಳತ್ತ ವಿಜ್ಞಾನಿಗಳ ಕಣ್ಣು ಹರಿಯಿತು.

ಹಾಗಾದರೆ ಫ್ಯಾನು?

ಆಂಥೋಸಯನಿನ್ ಕೋಶಗಳ ದಕ್ಷತೆ ಸಾಮಾನ್ಯವಾಗಿ ಶೇ. 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಇಂದಿನ ಸಿಲಿಕಾನ್ ಫಲಕಗಳದ್ದು ಶೇ. 20ರಷ್ಟು. ಒಂದು ಚದರ ಮೀಟರ್ ಮೇಲೆ ಉರಿಬಿಸಿಲು ಸುರಿಸುವುದು ಸುಮಾರು 1000 ವ್ಯಾಟ್. ಅದರಲ್ಲಿ ಹಣ್ಣಿನ ಬಣ್ಣಕ್ಕೆ ದಕ್ಕುವುದು 10 ವ್ಯಾಟ್. ಸಾಮಾನ್ಯ ಸೀಲಿಂಗ್ ಫ್ಯಾನಿಗೆ ಬೇಕಾದದ್ದು ಸುಮಾರು 75 ವ್ಯಾಟ್. ಸಾಲದ್ದಕ್ಕೆ ಬಿಸಿಲು, ಶಾಖಕ್ಕೆ ಈ ಬಣ್ಣ ಬೇಗ ಮಾಸುತ್ತದೆ. ಛಾವಣಿಯ ಫಲಕವಾದರೆ 20–25 ವರ್ಷ ಬಾಳಬೇಕು.

ಆದ್ದರಿಂದ ಹಣ್ಣಿನ ರಸದ ಸೋಲಾರ್ ನಂಬಿ ಕರೆಂಟ್ ಬಿಲ್ ತಗ್ಗಿಸಲು ಹೊರಡಬೇಡಿ. ಶಾಲೆಯ ಪ್ರಯೋಗಾಲಯಕ್ಕೆ ಮಾತ್ರ ಇದು ಒಳ್ಳೆಯ ಪಾಠ: ಬೆಳಕು ವಿದ್ಯುತ್ತಾಗುವ ಬಗೆಯನ್ನು ಮಕ್ಕಳು ಮೀಟರಿನ ಮುಳ್ಳಿನಲ್ಲೇ ನೋಡಬಹುದು.