ಮುಕ್ತ ವ್ಯಾಪಾರ: ತಕ್ಕಡಿ ಸಮವಾಗಿದೆಯೇ?

'ಮುಕ್ತ ವ್ಯಾಪಾರ ಒಪ್ಪಂದ' ಎಂಬ ಮಾತನ್ನು ನಾವು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ವ್ಯಾಪಾರಿಗಳ ವಿಷಯ ನಮಗೇಕೆ ಎಂದು ಪುಟ ತಿರುಗಿಸುತ್ತೇವೆ. ಆದರೆ ದುಡಿಯುವವರ ಕೂಲಿ, ಕುಡಿಯುವ ನೀರು, ನಾವು ಹಾಕುವ ಮತ, ಈ ಮೂರನ್ನೂ ಅದು ಮುಟ್ಟುತ್ತದೆ. ಇದಕ್ಕೆ ಮೆಕ್ಸಿಕೊ ದೇಶದ ಅನುಭವವೇ ಸಾಕ್ಷಿ.

1994ರ ಜನವರಿ 1ರಂದು ಅಮೆರಿಕ, ಕೆನಡಾ ಮತ್ತು ಮೆಕ್ಸಿಕೊ ನಡುವೆ 'ನಾಫ್ಟಾ' ಒಪ್ಪಂದ ಜಾರಿಗೆ ಬಂತು. ಆಮದು ಸುಂಕವನ್ನು ಹಂತ ಹಂತವಾಗಿ ತೆಗೆದುಹಾಕುವುದು ಅದರ ಗುರಿ. ಮೆಕ್ಸಿಕೊದ ಗಡಿ ಊರುಗಳಲ್ಲಿ ಕಾರ್ಖಾನೆಗಳು ಎದ್ದವು, ಲಕ್ಷಾಂತರ ಜನರಿಗೆ ಕೆಲಸ ಸಿಕ್ಕಿತು. ಇದನ್ನು ಅಲ್ಲಗಳೆಯಲಾಗದು. ಆದರೆ ಕೂಲಿ ಹೆಚ್ಚೇನೂ ಏರಲಿಲ್ಲ. ಅತ್ತ ಅಮೆರಿಕದಲ್ಲಿ ಅನೇಕ ಕಾರ್ಖಾನೆಗಳು ಮುಚ್ಚಿದವು. ಉಳಿದೆಡೆ ಕಾರ್ಮಿಕರು ಸಂಘ ಕಟ್ಟಲು ಹೊರಟರೆ, 'ಕಾರ್ಖಾನೆಯನ್ನೇ ಮೆಕ್ಸಿಕೊಗೆ ಸಾಗಿಸುತ್ತೇವೆ' ಎಂಬ ಬೆದರಿಕೆ ಕೇಳಿಬಂತು.

ಮೆಕ್ಸಿಕೊದವರಿಗೆ ಮುಸುಕಿನ ಜೋಳದ ರೊಟ್ಟಿಯೇ ಅನ್ನ. ಸರ್ಕಾರದ ಸಹಾಯಧನ ಪಡೆದು ಬೆಳೆದ ಅಮೆರಿಕದ ಜೋಳ ಅಗ್ಗವಾಗಿ ಬಂದು ಸುರಿದಾಗ ಸಣ್ಣ ರೈತರ ಬೆಳೆಗೆ ಬೆಲೆ ಕುಸಿಯಿತು. ರೊಟ್ಟಿಯ ಬೆಲೆ ಮಾತ್ರ ಇಳಿಯಲಿಲ್ಲ. ಅನೇಕರು ಹೊಲ ಬಿಟ್ಟು ಕೂಲಿ ಅರಸಿ ಗುಳೆ ಹೊರಟರು.

ಗ್ವಾಡಲ್ಕಾಸರ್ ಎಂಬ ಸಣ್ಣ ಪುರಸಭೆಯ ಕಥೆ ಇನ್ನೂ ಕಠಿಣ. ಅಲ್ಲಿ ವಿಷತ್ಯಾಜ್ಯ ಹೂಳುವ ಘಟಕ ನಡೆಸಲು ಮೆಟಲ್‌ಕ್ಲಾಡ್ ಎಂಬ ಅಮೆರಿಕದ ಕಂಪನಿ ಬಂತು. ಕೇಂದ್ರ ಸರ್ಕಾರ ಒಪ್ಪಿತ್ತು. ಆದರೆ ಜನ ವಿರೋಧಿಸಿದರು, ಪುರಸಭೆ 1995ರಲ್ಲಿ ಪರವಾನಗಿ ನಿರಾಕರಿಸಿತು. ಕಂಪನಿ ಒಪ್ಪಂದದ ಕಲಮು ಹಿಡಿದು ಅಂತರರಾಷ್ಟ್ರೀಯ ಪಂಚಾಯ್ತಿದಾರರ ಮುಂದೆ ಹೋಯಿತು. 2000ನೇ ಇಸವಿಯಲ್ಲಿ ಆ ಮೂವರು ಮೆಕ್ಸಿಕೊ ದೇಶ ಸುಮಾರು 1.67 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತರು. ಊರು ಆರಿಸಿದ ಪುರಸಭೆ 'ಬೇಡ' ಎಂದದ್ದಕ್ಕೆ ಇಡೀ ದೇಶದ ಬೊಕ್ಕಸ ದಂಡ ತೆತ್ತಿತು.

ಹಾಗಾದರೆ ವ್ಯಾಪಾರವೇ ಬೇಡವೇ? ಹಾಗಲ್ಲ. ಒಪ್ಪಿಗೆಯಿದ್ದ ಮಾತ್ರಕ್ಕೆ ಕೂಲಿ ನ್ಯಾಯವಾಗದು ಎಂದು 1891ರಲ್ಲಿ ಹದಿಮೂರನೇ ಲಿಯೋ ಜಗದ್ಗುರುಗಳು ಹೇಳಿದ್ದರು. ಬಲಾಢ್ಯ ದೇಶ ಮತ್ತು ಬಡ ದೇಶಗಳ ವ್ಯಾಪಾರಕ್ಕೂ ಇದೇ ಮಾತು ಸಲ್ಲುತ್ತದೆಂದು 1967ರಲ್ಲಿ ಆರನೇ ಪೌಲರು ತಿಳಿಸಿದರು. ಕಲಮುಗಳನ್ನು ಬದಲಿಸಿದರೆ ಫಲವೂ ಬದಲಾಗುತ್ತದೆ. 2020ರ ಜುಲೈ 1ರಂದು ನಾಫ್ಟಾದ ಜಾಗಕ್ಕೆ ಬಂದ ಹೊಸ ಒಪ್ಪಂದದಲ್ಲಿ ಕಾರ್ಮಿಕರ ಹಕ್ಕಿಗೆ ತ್ವರಿತ ದೂರು ವ್ಯವಸ್ಥೆ ಸೇರಿತು. ಅದರ ಬಲದಿಂದ ಸಿಲಾವೊ ನಗರದ ವಾಹನ ಕಾರ್ಖಾನೆಯ ಕಾರ್ಮಿಕರು 2021ರಲ್ಲಿ ಹಳೆಯ ಸಂಘದ ಕರಾರನ್ನು ತಿರಸ್ಕರಿಸಿ, 2022ರಲ್ಲಿ ಗುಪ್ತ ಮತದಾನದಿಂದ ಹೊಸ ಸಂಘವನ್ನು ಆರಿಸಿಕೊಂಡರು.

ನಮಗೂ ಇದು ದೂರದ ಮಾತಲ್ಲ. 2019ರ ನವೆಂಬರಿನಲ್ಲಿ ಭಾರತ 'ಆರ್‌ಸಿಇಪಿ' ಒಪ್ಪಂದದಿಂದ ಹಿಂದೆ ಸರಿದಾಗ, ಹೊರಗಿನ ಹಾಲಿನ ಪುಡಿಗೆ ಹೆದರಿದ್ದ ಹೈನುಗಾರರ ಕೂಗು ಅದರ ಹಿಂದಿತ್ತು. ಇನ್ನು ಮುಂದೆ ಇಂಥ ಸುದ್ದಿ ಬಂದಾಗ ಪುಟ ತಿರುಗಿಸದೆ ಮೂರು ಪ್ರಶ್ನೆ ಕೇಳೋಣ: ದುಡಿಯುವವರಿಗೆ ಏನು ಸಿಗುತ್ತದೆ? ನೆಲ ಜಲಗಳಿಗೆ ಏನಾಗುತ್ತದೆ? 'ಬೇಡ' ಎನ್ನುವ ಹಕ್ಕು ನಮ್ಮ ಊರಿಗೆ ಉಳಿಯುತ್ತದೆಯೇ?