ವಚನದ ಕಡತವನ್ನು ಕಂಪ್ಯೂಟರು ಸಾಲುಸಾಲಾಗಿ ಓದುವ ಬಗೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣ, ಹುಮನಾಬಾದ, ಚಿಟಗುಪ್ಪಗಳ ಸೀಮೆಯಲ್ಲಿ ನುಡಿದ ವಚನಗಳು ಶತಮಾನಗಳ ಕಾಲ ತಾಳೆಗರಿಗಳಲ್ಲಿ ಉಳಿದುಬಂದವು. ಆ ಗರಿಗಳಲ್ಲಿ ಪದಗಳ ನಡುವೆ ಬಿಡುವಿರಲಿಲ್ಲ, ಗರಿಯ ಅಂಚು ಬಂದಲ್ಲಿ ಸಾಲು ಮುರಿಯುತ್ತಿತ್ತೇ ಹೊರತು ಅರ್ಥ ಮುಗಿದಲ್ಲಿ ಅಲ್ಲ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದ ಮೇಲೆ, ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದ ಮೇಲೆ ಓದುಗರಿಗೆ ಪರಿಚಿತವಾದ ಸಾಲುಗಳು ಬಹುಮಟ್ಟಿಗೆ ಸಂಪಾದಕರು ಬಿಡಿಸಿದವು. ಇತ್ತೀಚಿನ ವರ್ಷಗಳಲ್ಲಿ ‘ವಚನ ಸಂಚಯ’ದಂಥ ಪ್ರಯತ್ನಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಗಣಕಕ್ಕೆ ಬಂದು, ಒಂದು ಪದ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಕ್ಷಣದಲ್ಲಿ ಹುಡುಕುವುದು ಸಾಧ್ಯವಾಗಿದೆ. ಇಂಥ ಹುಡುಕಾಟಕ್ಕೆಲ್ಲ ಆಧಾರವಾಗಿರುವುದು ಒಂದು ಸಣ್ಣ ಕೆಲಸ: ಪಠ್ಯ ಕಡತವೊಂದರಿಂದ ಸಾಲುಗಳನ್ನು ಒಂದೊಂದಾಗಿ ಓದಿಕೊಳ್ಳುವುದು.

ಪಠ್ಯ ಕಡತವೆಂದರೆ ಅಕ್ಷರದ ಗಾತ್ರ, ಬಣ್ಣ, ಅಂಚು ಯಾವುದೂ ಇಲ್ಲದ, ಕೇವಲ ಅಕ್ಷರಗಳನ್ನಷ್ಟೇ ಹೊತ್ತ ಕಡತ. ಕಂಪ್ಯೂಟರಿನ ಪಾಲಿಗೆ ಅದು ಅಕ್ಷರಗಳ ಸರಣಿಯೂ ಅಲ್ಲ, ಬೈಟುಗಳ ಸರಣಿ. ಬೈಟೆಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ‘ಚಿಟಗುಪ್ಪ’ ಎಂಬ ಊರ ಹೆಸರನ್ನೇ ತೆಗೆದುಕೊಂಡರೆ, ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು. ಆದರೆ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆ ಚಕಾರ, ಗುಡಿಸು, ಟಕಾರ, ಗಕಾರ, ಕೊಂಬು, ಪಕಾರ, ಹಲಂತ ಚಿಹ್ನೆ, ಮತ್ತೆ ಪಕಾರ ಎಂದು ಎಂಟು ಸಂಕೇತಗಳನ್ನು ಎಣಿಸುತ್ತದೆ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕಾಗುವುದರಿಂದ ಒಟ್ಟು 24 ಬೈಟುಗಳಾಗುತ್ತವೆ.

ಸಾಲಿನ ಕೊನೆಯೂ ಹೀಗೆಯೇ ಕಡತದೊಳಗಿನ ಒಂದು ಬೈಟು. ಲಿನಕ್ಸ್ ಮತ್ತು ಇಂದಿನ ಮ್ಯಾಕ್ ಯಂತ್ರಗಳಲ್ಲಿ 10 ಎಂಬ ಸಂಖ್ಯೆ ಬಂದರೆ ಸಾಲು ಮುಗಿಯಿತೆಂದು ಅರ್ಥ. ವಿಂಡೋಸ್ ಮಾತ್ರ ಹಳೆಯ ಟೆಲಿಪ್ರಿಂಟರುಗಳ ರೂಢಿಯನ್ನು ಉಳಿಸಿಕೊಂಡು 13 ಮತ್ತು 10 ಎಂಬ ಎರಡು ಬೈಟುಗಳನ್ನು ಜೊತೆಯಾಗಿ ಬರೆಯುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಡತವನ್ನು ‘ಓಪನ್’ ಎಂಬ ಆಜ್ಞೆಯಿಂದ ತೆರೆದು, ‘ಫಾರ್’ ಎಂಬ ಆವರ್ತನೆಯೊಳಗಿಟ್ಟರೆ, ಅದು ಈ ಎರಡೂ ರೂಢಿಗಳನ್ನು ತಾನೇ ಸರಿದೂಗಿಸಿಕೊಂಡು ಒಂದೊಂದೇ ಸಾಲನ್ನು ಕೈಗೆ ಕೊಡುತ್ತದೆ. ಹೊಸಬರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ: ಹಾಗೆ ಬಂದ ಸಾಲಿನ ತುದಿಗೆ ಮುಕ್ತಾಯದ ಗುರುತು ಅಂಟಿಕೊಂಡೇ ಇರುವುದರಿಂದ, ಅದನ್ನು ‘ಸ್ಟ್ರಿಪ್’ ಆಜ್ಞೆಯಿಂದ ಕಳಚದೆ ಹೋಲಿಸಿದರೆ ಕಡತದ ‘ಚಿಟಗುಪ್ಪ’ ಮತ್ತು ಪ್ರೋಗ್ರಾಮಿನ ‘ಚಿಟಗುಪ್ಪ’ ಬೇರೆಬೇರೆ ಎಂಬ ಉತ್ತರ ಬರುತ್ತದೆ. ಆ ಗುರುತನ್ನು ಉಳಿಸಿಕೊಡುವುದಕ್ಕೂ ಕಾರಣವಿದೆ. ‘ರೀಡ್‌ಲೈನ್’ ಆಜ್ಞೆಯಿಂದ ಓದುವಾಗ ಎರಡು ವಚನಗಳ ನಡುವಿನ ಖಾಲಿ ಸಾಲಿನಲ್ಲೂ ಗುರುತು ಇರುತ್ತದೆ, ಕಡತವೇ ಮುಗಿದಾಗ ಮಾತ್ರ ಏನೂ ಇರುವುದಿಲ್ಲ. ಖಾಲಿ ಸಾಲಿಗೂ ಕಡತದ ಕೊನೆಗೂ ಇರುವ ವ್ಯತ್ಯಾಸ ಅಷ್ಟೇ.

ಒಂದೊಂದೇ ಸಾಲು ಓದಿದರೆ ಸ್ಮೃತಿ, ಅಂದರೆ ಯಂತ್ರದ ಮೆಮೊರಿ, ಉಳಿಯುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ವಚನಗಳ ಮಟ್ಟಿಗೆ ಈ ಮಾತಿಗೆ ಹೆಚ್ಚು ತೂಕವಿಲ್ಲ, ಸಮಗ್ರ ವಚನ ಸಾಹಿತ್ಯವೂ ಸಾಧಾರಣ ಮೊಬೈಲಿನಲ್ಲಿ ಸಲೀಸಾಗಿ ಹಿಡಿಸುತ್ತದೆ.

ನಿಜವಾದ ತೊಡಕು ಇರುವುದು ಸಂಕೇತಪದ್ಧತಿಯಲ್ಲಿ. ಭಾರತದಲ್ಲಿ ಮಾರಾಟವಾಗುವ ಇಂಗ್ಲಿಷ್ ವಿಂಡೋಸ್ ಯಂತ್ರಗಳಲ್ಲಿ ಪೈಥಾನ್‌ಗೆ ಏನನ್ನೂ ಹೇಳದೆ ಕಡತ ತೆರೆದರೆ, ಅದು ಸಾಮಾನ್ಯವಾಗಿ ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ 1252 ಎಂಬ ಕೋಷ್ಟಕವನ್ನು ಹಿಡಿದು ಓದಲು ಹೊರಡುತ್ತದೆ. ‘ಚಿಟಗುಪ್ಪ’ದ ಮೊದಲ 14 ಬೈಟುಗಳನ್ನು ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರ, ಚಿಹ್ನೆಗಳೆಂದು ಓದಿಕೊಂಡು, ಗಕಾರದ ಕೊಂಬಿನ ಕೊನೆಯ ಬೈಟಾದ 129ಕ್ಕೆ ಬಂದಾಗ ಕೋಷ್ಟಕದಲ್ಲಿ ಆ ಮನೆ ಖಾಲಿಯಿರುವುದರಿಂದ ದೋಷ ತೋರಿಸಿ ನಿಂತುಬಿಡುತ್ತದೆ. ಕಡತ ತೆರೆಯುವಾಗಲೇ ‘ಎನ್‌ಕೋಡಿಂಗ್ ಯುಟಿಎಫ್-8’ ಎಂದು ಸೂಚಿಸುವುದು ಇದಕ್ಕೆ ಪರಿಹಾರ, ಪೈಥಾನಿನ 3.15ನೆಯ ಆವೃತ್ತಿಯಿಂದ ಇದನ್ನೇ ಸಹಜ ರೂಢಿಯಾಗಿಸಲು ನಿರ್ಧರಿಸಲಾಗಿದೆ.

ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8ರ ಜಾಣ್ಮೆಯೆಂದರೆ, ಇಂಗ್ಲಿಷೇತರ ಅಕ್ಷರಗಳ ಪ್ರತಿ ಬೈಟೂ 128 ಅಥವಾ ಅದಕ್ಕಿಂತ ದೊಡ್ಡದಾಗಿರುವುದರಿಂದ, ಸಾಲಿನ ಗುರುತಾದ 10 ಕನ್ನಡ ಅಕ್ಷರದ ಹೊಟ್ಟೆಯೊಳಗೆ ಎಂದೂ ಸಿಗುವುದಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಕನ್ನಡದ ಜೊತೆಗೆ ಉರ್ದು, ಮರಾಠಿಗಳನ್ನೂ ಆಡುವ ಬೀದರ ಜಿಲ್ಲೆಗೆ ಇದು ಸಣ್ಣ ಉಪಕಾರವಲ್ಲ: ಮೂರು ಲಿಪಿಗಳೂ ಒಂದೇ ಕಡತದಲ್ಲಿ ಒಂದಕ್ಕೊಂದು ಅಡ್ಡ ಬಾರದೆ ಕೂರುತ್ತವೆ. ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಹಳೆಯ ನುಡಿ, ಬರಹ ಫಾಂಟುಗಳ ಕಡತಗಳನ್ನಾದರೋ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದೆ ಗತಿಯಿಲ್ಲ.

ಇಷ್ಟಾದ ಮೇಲೆ, ಮುದ್ರೆಯೆಂದೂ ಕರೆಯುವ ಅಂಕಿತವನ್ನು ಹಿಡಿದು ವಚನಕಾರರನ್ನು ಗುರುತಿಸುವ ಪ್ರೋಗ್ರಾಮು ಬರೆಯುವುದು ಸುಲಭವೆನಿಸಬಹುದು. ಆದರೆ ಬಸವಣ್ಣನವರ ಅಂಕಿತ ಒಮ್ಮೆ ಕೂಡಲಸಂಗಮದೇವಾ ಎಂದೂ ಮತ್ತೊಮ್ಮೆ ಕೂಡಲಸಂಗಯ್ಯ ಎಂದೂ ಬರುತ್ತದೆ. ಹಾಗೆಂದು ಬರೀ ‘ಕೂಡಲ’ ಎಂದು ಹುಡುಕಿದರೆ ಕೂಡಲಚೆನ್ನಸಂಗಯ್ಯ ಅಂಕಿತದ ಚೆನ್ನಬಸವಣ್ಣನವರ ವಚನಗಳೂ ಸೇರಿಕೊಂಡು ಸೋದರಮಾವ, ಸೋದರಳಿಯರ ಲೆಕ್ಕ ಕಲಸಿಹೋಗುತ್ತದೆ. ಅಲ್ಲಮಪ್ರಭುವಿನ ‘ಗುಹೇಶ್ವರ’ದಲ್ಲಿ ಇನ್ನೂ ಸೂಕ್ಷ್ಮವಾದ ಮೋಸವಿದೆ: ‘ಹೇ’ಯ ಏತ್ವವನ್ನು ಒಂದೇ ಸಂಕೇತವಾಗಿಯೂ ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಲು ಬರುವುದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಕಂಪ್ಯೂಟರಿಗೆ ಒಂದಾಗುವುದಿಲ್ಲ. ಓದಿದ ಪ್ರತಿ ಸಾಲನ್ನೂ ಹೋಲಿಸುವ ಮೊದಲು ಸಾಮಾನ್ಯೀಕರಣಕ್ಕೆ, ಅಂದರೆ ಇಂಥ ಜೋಡಿಗಳನ್ನು ಒಂದೇ ರೂಪಕ್ಕೆ ತರುವ ಕ್ರಿಯೆಗೆ, ಒಳಪಡಿಸುವುದು ಆದ್ದರಿಂದ ಅಗತ್ಯ.

ಬಸವಕಲ್ಯಾಣ, ಹುಮನಾಬಾದ, ಚಿಟಗುಪ್ಪಗಳಲ್ಲಿ ಹಳೆಯ ಪ್ರತಿಗಳನ್ನು, ತತ್ವಪದಗಳನ್ನು ಬೆರಳಚ್ಚಿಸುತ್ತಿರುವ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಬರಹವನ್ನು ಸಾದಾ ಪಠ್ಯವಾಗಿ ಯುಟಿಎಫ್-8ರಲ್ಲಿ ಉಳಿಸಿ, ಎರಡು ರಚನೆಗಳ ನಡುವೆ ಒಂದು ಖಾಲಿ ಸಾಲು ಬಿಡುವುದನ್ನು ರೂಢಿಸಿಕೊಳ್ಳಬೇಕು.