ಹೆಸರಿನೊಳಗೊಂದು ಖಾಲಿ ಜಾಗ: ಶೆಲ್ ಸ್ಕ್ರಿಪ್ಟಿಗೂ ಬೇಕು ಪರೀಕ್ಷೆ

ನಿಮ್ಮ ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ನಾಲ್ಕು ತಾಲೂಕಿನ ಅಂಕಪಟ್ಟಿ ಫೈಲುಗಳಿವೆ ಅಂತ ಇಟ್ಕೊಳ್ರಿ: ಉದಗೀರ, ಉಮರ್ಗಾ, ನಿಲಂಗಾ, ಶಿರೂರ ಅನಂತಪಾಳ. ದಿನಾ ಸಂಜೆ ಇವನ್ನು ‘ನಕಲು’ ಎಂಬ ಫೋಲ್ಡರಿಗೆ ಕಾಪಿ ಮಾಡಿಡಬೇಕು. ಕೈಯಿಂದ ಮಾಡಿದರೆ ಒಂದಿಲ್ಲೊಂದು ದಿನ ಮರೀತೀವಿ. ಅದಕ್ಕೇ ಶೆಲ್ ಸ್ಕ್ರಿಪ್ಟ್ ಬರೆಯೋದು.

ಶೆಲ್ ಅಂದ್ರೆ ಚಿಪ್ಪು. ಕಂಪ್ಯೂಟರಿನ ತಿರುಳಾದ ಕರ್ನೆಲ್‌ಗೂ ನಮಗೂ ನಡುವೆ ಕುಳಿತು, ನಾವು ಟೈಪು ಮಾಡಿದ ಆಜ್ಞೆಯನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಹೆಚ್ಚಾಗಿ ಸಿಗುವ ಶೆಲ್ಲಿನ ಹೆಸರು ಬ್ಯಾಷ್. 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದದ್ದು. ಆಜ್ಞೆಗಳನ್ನು ಸಾಲಾಗಿ ಒಂದು ಫೈಲಿನಲ್ಲಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ನಮ್ಮ ಸ್ಕ್ರಿಪ್ಟ್ ಇಷ್ಟೇ: ಒಂದೊಂದೇ ಫೈಲಿನ ಹೆಸರು ತಗೊ, ‘ನಕಲು’ ಫೋಲ್ಡರಿಗೆ ಕಾಪಿ ಮಾಡು, ಕೊನೆಗೆ ‘ಮುಗಿಯಿತು’ ಅಂತ ಪರದೆಯ ಮೇಲೆ ಬರೆ.

ಓಡಿಸಿದರೆ ‘ಮುಗಿಯಿತು’ ಬರುತ್ತದೆ. ಆದರೆ ಫೋಲ್ಡರು ತೆರೆದು ಎಣಿಸಿ: ಮೂರೇ ಫೈಲು. ಶಿರೂರ ಅನಂತಪಾಳ ಇಲ್ಲ!

ಯಾಕೆ? ಉಳಿದ ಮೂರು ಒಂದೊಂದೇ ಪದದ ಹೆಸರು. ನಮ್ಮದರಲ್ಲಿ ಎರಡು ಪದ, ನಡುವೆ ಖಾಲಿ ಜಾಗ. ಹೆಸರಿನ ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕದಿದ್ದರೆ, ಬ್ಯಾಷ್ ಆ ಖಾಲಿ ಜಾಗದಲ್ಲೇ ಹೆಸರನ್ನು ತುಂಡು ಮಾಡಿ ‘ಶಿರೂರ’ ಒಂದು ಫೈಲು, ‘ಅನಂತಪಾಳ’ ಇನ್ನೊಂದು ಫೈಲು ಅಂತ ತಿಳಿಯುತ್ತದೆ. ಅಂಥ ಎರಡೂ ಫೈಲು ಅಲ್ಲಿಲ್ಲ. ದೂರು ಪರದೆಯ ಮೇಲೆ ಬಂದಿರುತ್ತದೆ ಖರೆ, ಆದರೆ ಸಂಜೆ ತಾನಾಗಿ ಓಡುವ ಸ್ಕ್ರಿಪ್ಟಿನ ಪರದೆ ನೋಡುವವರು ಯಾರು? ಹೆಸರು ಬದಲಿಸಿದರಾಯ್ತು ಅನ್ನಬೇಡಿ. ಪುಣೆ ಜಿಲ್ಲೆಯಲ್ಲೊಂದು ಶಿರೂರ ಇದೆ, ಬೀಡ ಜಿಲ್ಲೆಯಲ್ಲಿ ಶಿರೂರ ಕಾಸಾರ ಇದೆ. ನಮ್ಮೂರಿನ ಗುರುತಿಗೆ ಎರಡು ಪದ ಬೇಕೇ ಬೇಕು. ಊರು ತಿದ್ದುವುದಲ್ಲ, ಸ್ಕ್ರಿಪ್ಟ್ ತಿದ್ದಬೇಕು.

ಚಿಹ್ನೆ ಹಾಕಿದಿರಿ, ನಾಲ್ಕೂ ಬಂದವು. ಮುಂದಿನ ತಿಂಗಳು ಯಾರೋ ‘ನಕಲು’ ಫೋಲ್ಡರನ್ನೇ ಅಳಿಸಿಬಿಟ್ಟರು ಅನ್ನಿ. ಈಗ ಸ್ಕ್ರಿಪ್ಟ್ ಒಂದು ದೂರೂ ಇಲ್ಲದೆ ಓಡುತ್ತದೆ! ಫೋಲ್ಡರು ಇಲ್ಲವಲ್ಲ, ಹಾಗಾಗಿ ಕಾಪಿ ಆಜ್ಞೆ ಉದಗೀರದ ಫೈಲನ್ನೇ ‘ನಕಲು’ ಎಂಬ ಹೆಸರಿನಲ್ಲಿ ಇಡುತ್ತದೆ. ಅದರ ಮೇಲೆ ಉಮರ್ಗಾ, ಅದರ ಮೇಲೆ ನಿಲಂಗಾ. ಕೊನೆಗೆ ಉಳಿಯುವುದು ಶಿರೂರ ಅನಂತಪಾಳ ಒಂದೇ. ಫೋಲ್ಡರಿನ ಹೆಸರಿನ ಮುಂದೆ ಒಂದು ಓರೆಗೆರೆ ಬರೆದಿದ್ದರೆ, ಇದು ಫೋಲ್ಡರು ಅಲ್ಲ ಅಂತ ಆಜ್ಞೆ ಅಲ್ಲೇ ತಕರಾರು ಮಾಡುತ್ತಿತ್ತು.

ಇಂಥವನ್ನು ಪ್ರತಿ ಸಲ ಕಣ್ಣಿಂದ ನೋಡಿ ಹಿಡಿಯೋದು ಕಷ್ಟ. ಸ್ಕ್ರಿಪ್ಟನ್ನು ಪರೀಕ್ಷಿಸಲು ಇನ್ನೊಂದು ಸ್ಕ್ರಿಪ್ಟ್ ಬರೆಯುತ್ತಾರೆ. ಅದು ತಾತ್ಕಾಲಿಕ ಫೋಲ್ಡರೊಂದನ್ನು ಮಾಡಿ, ಅದರಲ್ಲಿ ನಾಲ್ಕು ಸುಳ್ಳು ಅಂಕಪಟ್ಟಿ ಇಟ್ಟು, ನಮ್ಮ ಸ್ಕ್ರಿಪ್ಟನ್ನು ಅಲ್ಲೇ ಓಡಿಸಿ, ಫಲಿತಾಂಶ ತಾಳೆ ನೋಡುತ್ತದೆ. ಬ್ಯಾಷ್‌ಗಾಗಿಯೇ ಇರುವ ‘ಬ್ಯಾಟ್ಸ್’ ಎಂಬ ಉಪಕರಣ ಈ ಕೆಲಸವನ್ನು ಸುಲಭ ಮಾಡುತ್ತದೆ. ಪಾಸಾದ ಪ್ರತಿ ಪರೀಕ್ಷೆಗೆ ‘ಓಕೆ’, ತಪ್ಪಿದ್ದಕ್ಕೆ ‘ನಾಟ್ ಓಕೆ’ ಅನ್ನುತ್ತದೆ. ಉಬುಂಟುವಿನಲ್ಲಿ ಇದು ಉಚಿತವಾಗಿ ಸಿಗುತ್ತದೆ. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಕೊಡುವ ಲಿನಕ್ಸ್ ಕೂಡ ಉಬುಂಟು ಆಧಾರಿತ. ಹಾಗಾಗಿ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳೂ ಇದನ್ನು ಮಾಡಿ ನೋಡಬಹುದು.

ಏನು ತಾಳೆ ನೋಡಬೇಕು ಅನ್ನೋದೇ ಮುಖ್ಯ. ಪ್ರತಿ ಆಜ್ಞೆ ಮುಗಿದಾಗಲೂ ಒಂದು ಸಂಖ್ಯೆ ಬಿಟ್ಟು ಹೋಗುತ್ತದೆ. ನಮ್ಮ ಪರೀಕ್ಷೆಯಲ್ಲಿ ಸೊನ್ನೆ ಬಂದ್ರೆ ಫೇಲು; ಶೆಲ್‌ನಲ್ಲಿ ಸೊನ್ನೆ ಬಂದ್ರೇ ಪಾಸು! 1ರಿಂದ 255ರವರೆಗೆ ಏನು ಬಂದರೂ ತಪ್ಪಾಗಿದೆ ಅಂತ ಅರ್ಥ. ಆದರೆ ಇಡೀ ಸ್ಕ್ರಿಪ್ಟಿನ ಸಂಖ್ಯೆ ಅಂದ್ರೆ ಅದರ ಕೊನೆಯ ಆಜ್ಞೆಯ ಸಂಖ್ಯೆ. ನಮ್ಮ ಸ್ಕ್ರಿಪ್ಟಿನ ಕೊನೆಯ ಆಜ್ಞೆ ‘ಮುಗಿಯಿತು’ ಅಂತ ಬರೆಯೋದು. ಅದು ಯಾವತ್ತೂ ಪಾಸು. ಹಾಗಾಗಿ ಆ ಸೊನ್ನೆಯನ್ನಷ್ಟೇ ನಂಬಬೇಡಿ. ಫೈಲುಗಳನ್ನು ಎಣಿಸಿ, ಮೂಲಕ್ಕೂ ನಕಲಿಗೂ ಅಕ್ಷರಶಃ ಹೋಲಿಕೆ ಇದೆಯೇ ಅಂತಲೂ ನೋಡಿ.

ಇಷ್ಟೆಲ್ಲ ಯಾತಕ್ಕೆ ಅಂತೀರಾ? ಜನವರಿ 2015ರಲ್ಲಿ ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಒಂದು ದೋಷ ಹೊರಬಿತ್ತು. ತನ್ನ ಫೋಲ್ಡರಿನ ಒಳಗಿರುವುದನ್ನೆಲ್ಲ ಅಳಿಸುವ ಒಂದು ಸಾಲು ಅದರ ಶೆಲ್ ಸ್ಕ್ರಿಪ್ಟಿನಲ್ಲಿತ್ತು. ಆ ಫೋಲ್ಡರನ್ನು ಬೇರೆಡೆ ಸರಿಸಿದ ಬಳಕೆದಾರರೊಬ್ಬರ ಕಂಪ್ಯೂಟರಿನಲ್ಲಿ ಫೋಲ್ಡರಿನ ಹೆಸರು ಸಿಗದೆ ಖಾಲಿ ಉಳಿಯಿತು. ಹೆಸರು ಹೋದ ಮೇಲೆ ಉಳಿದದ್ದು ಬರೀ ಓರೆಗೆರೆ. ಲಿನಕ್ಸ್‌ನಲ್ಲಿ ಒಂಟಿ ಓರೆಗೆರೆ ಅಂದ್ರೆ ಇಡೀ ಕಂಪ್ಯೂಟರಿನ ಬೇರು! ಅವರ ಸ್ವಂತ ಫೈಲುಗಳ ಜೊತೆಗೆ ಹೊರಗಿಂದ ಜೋಡಿಸಿದ್ದ ಡಿಸ್ಕಿನಲ್ಲಿದ್ದವೂ ಅಳಿಸಿಹೋದವು. ಆ ಸಾಲಿನಲ್ಲಿ ಉದ್ಧರಣ ಚಿಹ್ನೆ ಇತ್ತು, ಆದರೂ ಕಾಪಾಡಲಿಲ್ಲ. ಬರೆದವರೇ ಆ ಸಾಲಿನ ಪಕ್ಕ ‘ಭಯ ಹುಟ್ಟಿಸುವಂಥದ್ದು’ ಎಂಬ ಅರ್ಥದ ಟಿಪ್ಪಣಿ ಹಾಕಿಟ್ಟಿದ್ದರು. ಭಯ ಇತ್ತು, ಹೆಸರು ಖಾಲಿಯಾದರೆ ಏನಾಗುತ್ತದೆ ಅನ್ನುವ ಪರೀಕ್ಷೆ ಇರಲಿಲ್ಲ.

ನೀವು ಬರೆಯುವಾಗ ಮೂರು ಪರೀಕ್ಷೆ ಇಟ್ಟುಕೊಳ್ಳಿ: ಎರಡು ಪದದ ಹೆಸರು, ಇಲ್ಲದ ಫೋಲ್ಡರು, ಖಾಲಿ ಹೆಸರು. ಅಳಿಸುವ ಸ್ಕ್ರಿಪ್ಟ್ ಇದ್ದರೆ ತಾತ್ಕಾಲಿಕ ಫೋಲ್ಡರೂ ಸಾಲದು, ನಿಮ್ಮದೇನೂ ಇಲ್ಲದ ಬೇರೆ ಕಂಪ್ಯೂಟರಿನಲ್ಲೇ ಓಡಿಸಿ. ಸ್ಕ್ರಿಪ್ಟಿನಲ್ಲಿ ಒಂದು ಅಕ್ಷರ ತಿದ್ದಿದರೂ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಓಡಿಸಿ, ಕೆಲವೇ ಸೆಕೆಂಡು ಸಾಕು. ನಾಲ್ಕನೆಯದು ನಿಮಗೇ ಬಿಟ್ಟದ್ದು: ಒಂದೂ ಅಂಕಪಟ್ಟಿ ಇಲ್ಲದ ದಿನ ನಮ್ಮ ಕಾಪಿ ಸ್ಕ್ರಿಪ್ಟ್ ಏನು ಮಾಡುತ್ತದೆ? ಮೊದಲು ಊಹಿಸಿ ಬರೆದಿಡಿ, ಆಮೇಲೆ ಓಡಿಸಿ ನೋಡ್ರಿ.